ಹಿಗ್ಗು

ಡಾಕ್ಟರ್ ಇನ್ನೂ ಸಣ್ಣಾಂವ, ಗದ್ದದ ಮ್ಯಾಲೆ ಮೊಡವಿ.
"ಮೆದುಳು ಹಿಗ್ಗೇತಿ," ಅಂದ.
ಹಿಗ್ಗು.
ನಮ್ಮ ಮನ್ಯಾಗ ಆ ಶಬ್ದ
ಬಸುರಿ ಸುದ್ದಿಗೆ, ಮೆಟ್ರಿಕ್ ಪಾಸಾದದ್ದಕ್ಕ ಎತ್ತಿಟ್ಟದ್ದು.
ಮೌನೇಶನ ತಲಿಗೆ ಅದು ಹಿಂಗ ಬರತೈತಂತ
ಯಾರು ಅನ್ಕೊಂಡಿದ್ರು?

ಬುರುಡಿ ಅಂದ್ರ ಕಿಡಕಿ ಇಲ್ಲದ ಖೋಲಿ ನೋಡ್ರಿ,
ಬಾವು ಬಂದ್ರ ಸರಿಯಾಕ ಜಾಗಿಲ್ಲ,
ಕೆಳಗ ಒಂದ ತೂತು, ಅದರಾಗ ಜಗ್ಗಿತಂದ್ರ ಮುಗೀತು.
ಚೀಟಿ ಹಿಂದ ಪೆನ್ನಿಂದ ಬರದು ತೋರಿಸಿದ.
ನಾ ಬೆಂಗೇರಿಯೊಳಗ ಬಾವುಟ ಹೊಲಿಯಾಕಿ.
ಅಳತಿ ನನಗ ತಿಳಿತೈತಿ.
ಒಂದು ನೂಲು ಹೆಚ್ಚಾದ್ರ ಬಾವುಟ ವಾಪಸ್.

"ಉಸಿರು ಎಷ್ಟು ನಿಮಿಷ ನಿಂತಿತ್ತು?"

ಅದೊಂದು ಅಳತಿ ನನ್ನ ಕಡೆ ಇಲ್ಲ.
ಯಾರೋ ಆಟೋದಾಗ ತಂದು
ದವಾಖಾನಿ ಗೇಟಿನ ಮುಂದ ಮಲಗಿಸಿ ಓಡಿ ಹೋಗ್ಯಾರ.
ಒಂದ ಕಾಲಾಗ ಚಪ್ಪಲಿ.
ಮೊಣಕೈ ಸಂದಿಯೊಳಗ ಇರಿವಿ ಕಡದಷ್ಟು ಕೆಂಪು,
ಅದರ ಬಾಜೂಕ ಹಳೇ ಇರಿವಿಗಳು.
ಇಂಥಾ ಬಿಸಲಾಗ ತುಂಬತೋಳಿನ ಅಂಗಿ ಯಾಕೋ ಅಂತ
ಕೇಳಿದ್ದೆ ಒಮ್ಮೆ. "ಸೊಳ್ಳಿ ಅಕ್ಕಾ," ಅಂದಿದ್ದ.
ಆ ತೋಳಿಗೆ ಕಳಚಿದ ಗುಂಡಿ
ನಾನ ಹಚ್ಚಿ ಕೊಟ್ಟಿದ್ದೆ.

ಮಂಚದ ತಲಿಕಡೆ ಮೂವತ್ತು ಡಿಗ್ರಿ ಎತ್ಯಾರ.
ಕುತಗಿ ನೆಟ್ಟಗ, ಆಚೀಚಿ ಹೊಳ್ಳಬಾರದು.
ಉಸಿರು ಮಷೀನಿಂದು. ಎದಿ ಮಾತ್ರ ಅವಂದು.
ಮ್ಯಾನಿಟಾಲ್ ಬಾಟ್ಲಿಯೊಳಗ ಹರಳು ಕಟ್ಟಿದ್ರ
ಸಿಸ್ಟರ್ ಎಸ್ತರ್ ಬಿಸಿನೀರಾಗ ಇಟ್ಟು ಕರಗಸ್ತಾಳ,
ಕೂಸಿನ ಹಾಲು ಬೆಚ್ಚಗ ಮಾಡಿದ್ಹಂಗ.
ಆಮ್ಯಾಲೆ ಬಿರುಸು ಉಪ್ಪಿನ ಸಲಾಯಿನ್.
"ಮಾವಿನ ಹೋಳಿಗೆ ಉಪ್ಪು ಹಚ್ಚಿಟ್ರ
ನೀರು ಬಿಡಂಗಿಲ್ಲೇನ್ರಿ ಅಕ್ಕಾರ? ಇದೂ ಹಂಗ."
ಮಂಚದ ಕೆಳಗಿನ ಚೀಲದಾಗ ಉಚ್ಚಿ ಏರತೈತಿ,
ಆಕಿ ಬಗ್ಗಿ ಗೆರಿ ನೋಡಿ ಬರಕೊಂತಾಳ.
ಮುನ್ನೂರಾ ಎಂಬತ್ತು.
ಇಪ್ಪತ್ಮೂರು ವರ್ಷದ ತಮ್ಮನ ಉಚ್ಚಿ ನೋಡಿ
ಹಿಗ್ಗಿದೆ ನಾ.

ತಾಸಿಗೊಮ್ಮೆ ರೆಪ್ಪಿ ಎತ್ತಿ ಬ್ಯಾಟರಿ ಬಿಡತಾಳ.
ಬಲಗಣ್ಣಿನ ಗೊಂಬಿ ಲಗೂನ ಸಣ್ಣಾಗತೈತಿ.
ಎಡಗಣ್ಣು ತಡಾ ಮಾಡತೈತಿ,
ಸಾಲಿಗೆ ಹೊಂಡೂ ಮುಂದ ಇಂವಾ ಮಾಡತಿದ್ಹಂಗ.

ನಾಲ್ಕನೇ ರಾತ್ರಿ ವಿಠ್ಯಾ ಬಂದ.
ಚಾಪಿ ತುದಿಗೆ ನಿಂತ, ಕುಂಡ್ರಲಿಲ್ಲ.
ಕ್ಯಾರಿಬ್ಯಾಗಿನಾಗ ಇನ್ನೊಂದು ಚಪ್ಪಲಿ.
"ಗೂಡ್ಸ್ ಶೆಡ್ಡಿನ ಹಿಂದ, ಅಕ್ಕಾ.
ಮಾರಿ ನೀಲಿ ಆತು. ನೀರು ಹೊಡದೆ. ಕಪಾಳಕ್ಕ ಹೊಡದೆ.
ಅದೊಂದು ಮೂರು ನಿಮಿಷ ಇರಬೇಕು.
ಆಮ್ಯಾಲೆ ಪೊಲೀಸರ ಅಂಜಿಕಿ ಬಂತು.
ಅಂಜಿಕಿ ಎಷ್ಟು ನಿಮಿಷ
ಅಂತ ನನಗ ಗೊತ್ತಿಲ್ಲ."
ಆಮ್ಯಾಲೆ, "ಹೊಡೀರಿ," ಅಂದ.

ಕೈ ಎದ್ದಿತ್ತು, ಸುಳ್ಳು ಯಾಕ.
ಆ ಕೈಲೆ ಚಪ್ಪಲಿ ಇಸಕೊಂಡೆ.
"ನನಗ ಹೇಳಬ್ಯಾಡ. ಒಳಗ ಹೋಗು,
ಆ ಮೊಡವಿ ಡಾಕ್ಟರಗ ಹೇಳು. ಇದ್ದದ್ದು ಇದ್ದಂಗ ಹೇಳು."
ಹೋದ. ಗಾಜಿನ ಆಚೆ ಅವನ ಬೆನ್ನು ಕಾಣತಿತ್ತು,
ಡಾಕ್ಟರ್ ಬರಕೊಳ್ಳಾಕತ್ತಿದ್ದ.
ವಿಠ್ಯಾನ ಅಂಗೀನೂ ತುಂಬತೋಳಿಂದು.

ಆರನೇ ದಿನ ನಿದ್ದಿ ಔಷಧ ಇಳಿಸಿದ್ರು.
ಎಸ್ತರ್ ನಳಿಗಿಯೊಳಗ ಸಣ್ಣ ಪೈಪು ಇಳಿಬಿಟ್ಟು
ಕಫ ಜಗ್ಗಿದ್ಲು.
ಮೌನೇಶ ಕೆಮ್ಮಿದ.
ದನಿ ಇಲ್ಲ, ನಳಿಗಿ ಐತಲ್ಲ ಬಾಯಾಗ. ಭುಜ ಅಷ್ಟ ಜಿಗೀತು.
"ಛೊಲೋ ಆತು," ಅಂದ್ಲು.
ಬೀಡಿ ಸೇದಿ ಕೆಮ್ಮತಾನಂತ ಅಪ್ಪ
ಬೆಲ್ಟ್ ತಗೊಂಡಿದ್ದ ಹುಡುಗನ ಕೆಮ್ಮು.

"ಏಳತಾನೇನ್ರಿ ಸಿಸ್ಟರ್?"
"ಕೆಮ್ಮ್ಯಾನ ಅಂದೆ. ಇವತ್ತಿಗೆ ಅಷ್ಟ."
ಮತ್ತ ಬ್ಯಾಟರಿ ತಗೊಂಡು ಎಡಗಣ್ಣಿಗೆ ಬಗ್ಗಿದ್ಲು.

ಒಳಗ ಚಪ್ಪಲಿ ಬಿಡಂಗಿಲ್ಲ.
ಬಾಗಲದ ಹೊರಗ ನನ್ನವುದರ ಬಾಜೂಕ
ಅವನವು ಎರಡೂ ಜೋಡಿಸಿಟ್ಟೀನಿ,
ತುದಿ ಜಿನೇದ ಕಡೆ ಮಾಡಿ.
ಕಸ ಹೊಡಿಯಾಕಿ ದಿನಾ ಸರಿಸಿ ಹೋಗತಾಳ.
ದಿನಾ ಮತ್ತ ಹೊಳ್ಳಿಸಿ ಇಡತೀನಿ.